ಎರಡು ರಾತ್ರಿಗೆ ಹೋಗಿ ಒಂಬತ್ತು ರಾತ್ರಿ ಉಳಿದ ಮನೆ: ಅಂಡಮಾನಿನ ನೀಲ್ ದ್ವೀಪದ ಒಂದು ಹೋಂಸ್ಟೇ

ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಆಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಗೀಸರ್ ಕೆಟ್ಟಿತ್ತು. ಬಚ್ಚಲಲ್ಲಿ ನೀರು ನಿಂತು ನಿಂತು ಹೋಗುತ್ತಿತ್ತು. ಸೊಳ್ಳೆಪರದೆಯಲ್ಲಿ ಎರಡು ತೂತು, ಒಂದಕ್ಕೆ ನನ್ನ ಹೆಂಡತಿಯೇ ಹೊಲಿಗೆ ಹಾಕಿದಳು. ಬೆಳಗಿನ ಜಾವ ನಾಲ್ಕಕ್ಕೆಲ್ಲ ಹುಂಜ ಕೂಗುತ್ತದೆ, ಅದೂ ಕಿಟಕಿಯ ಕೆಳಗೇ. ಮಿಕ್ಕ ನಾಲ್ಕು ಸ್ಟಾರ್ ಯಾಕೆ ಕೊಟ್ಟೆ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ಮನೆಯ ಹೆಸರು ಬರೆಯುತ್ತಿಲ್ಲ. ಭರತ್‌ಪುರ ಬೀಚಿನಿಂದ ನಡೆದು ಹೋಗುವಷ್ಟು ದೂರ, ನಾಲ್ಕು ಕೋಣೆ, ಹಿಂದೆ ಅಡಿಕೆ ತೋಟ. ಇಷ್ಟು ಸಾಕು. ಹೆಸರು ಯಾಕೆ ಬೇಡ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ನಮ್ಮದು ತಿಪಟೂರಿನಲ್ಲಿ ಮೆಡಿಕಲ್ ಶಾಪ್. ಹದಿನೆಂಟು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಬಾಗಿಲು ಹಾಕಿ ಊರು ಬಿಡುವುದು ಅಂದರೆ ನನಗೆ ಜೀವ ಹೋದ ಹಾಗೆ. ಈ ಸಲ ಮಗಳು ಹಠ ಮಾಡಿದಳು, ವಿಮಾನ ಹತ್ತಬೇಕು, ಸಮುದ್ರದೊಳಗೆ ಮೀನು ನೋಡಬೇಕು ಅಂತ. ಅವಳಿಗೆ ಹನ್ನೊಂದು ವರ್ಷ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ಇದೆ, ಹೆಚ್ಚೂ ಕಮ್ಮಿ ಎರಡೂವರೆ ಗಂಟೆ. ಊರಿನ ಹೆಸರು 2024ರಿಂದ ಶ್ರೀ ವಿಜಯಪುರಂ ಆಗಿದೆ. ಆದರೆ ಅಲ್ಲಿ ಆಟೋದವರ ಬಾಯಲ್ಲಿ ಇನ್ನೂ ಬ್ಲೇರ್ ಅಂತಲೇ ಇದೆ, ನಾನೂ ಹಾಗೇ ಬರೆಯುತ್ತೇನೆ. ನೀಲ್‌ಗೂ ಶಹೀದ್ ದ್ವೀಪ್ ಅಂತ ಹೊಸ ಹೆಸರು 2018ರಲ್ಲಿ ಬಂದಿದೆ. ಟಿಕೆಟಿನಲ್ಲಿ ಅದನ್ನು ನೋಡಿ ಗಾಬರಿಯಾಗಬೇಡಿ.

ಜನವರಿ 16ಕ್ಕೆ ಇಳಿದೆವು. ಅವತ್ತು ಸೆಲ್ಯುಲರ್ ಜೈಲು, ಮಾನವಶಾಸ್ತ್ರದ ಮ್ಯೂಸಿಯಂ. 17ಕ್ಕೆ ಬಾರಾಟಾಂಗ್. 18ಕ್ಕೆ ದೋಣಿ ಹತ್ತಿ ನೀಲ್. ಅಲ್ಲಿ ಎರಡು ರಾತ್ರಿ, ಆಮೇಲೆ ವಾಪಸ್. ಇದು ಪ್ಲಾನ್.

19ರ ಬೆಳಿಗ್ಗೆ ಮಗಳ ಹೊಟ್ಟೆಯ ಮೇಲೆ, ಬೆನ್ನ ಮೇಲೆ ಏಳೆಂಟು ಕೆಂಪು ಗುಳ್ಳೆ ಕಂಡವು. ಮರಳು ನೊಣ ಅಂದುಕೊಂಡೆ. ಅಂಡಮಾನಿನ ಬೀಚುಗಳಲ್ಲಿ ಸ್ಯಾಂಡ್‌ಫ್ಲೈ ಕಚ್ಚುವುದು ಮಾಮೂಲು, ಹೋಗಿ ಬಂದವರೆಲ್ಲ ಅದನ್ನೇ ಹೇಳಿ ಕಳಿಸಿದ್ದರು. ಮುಲಾಮು ಹಚ್ಚಿದೆ. ಅವತ್ತು ಲಕ್ಷ್ಮಣ್‌ಪುರದ ಕಲ್ಲಿನ ಕಮಾನು ನೋಡಿ, ಸೀತಾಪುರದ ಬೀಚಿಗೂ ಹೋಗಿ ಬಂದೆವು. ಈ ದ್ವೀಪದ ಹಳ್ಳಿಗಳಿಗೆಲ್ಲ ರಾಮಾಯಣದ ಹೆಸರು. ರಾಮನಗರವೂ ಇದೆ, ನಮ್ಮ ರೇಷ್ಮೆ ರಾಮನಗರ ನೆನಪಾಯಿತು. 20ಕ್ಕೆ ಎದ್ದು ನೋಡಿದರೆ ಗುಳ್ಳೆಯೊಳಗೆ ನೀರು ತುಂಬಿತ್ತು. ಮೈ ಬೆಚ್ಚಗಿತ್ತು. ನನಗೆ ಅಲ್ಲೇ ಗೊತ್ತಾಯಿತು. ಸೀತಾಳೆ, ಅಂದರೆ ಚಿಕನ್‌ಪಾಕ್ಸ್.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಲೇಬೇಕು. ಜನವರಿ ಮೊದಲ ವಾರ ಅವಳ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಾಯಿ ಹಾಕಿದ್ದರು, ಮಗನಿಗೆ ಅಮ್ಮ ಆಗಿದೆ, ಒಂದು ವಾರ ಬರಲ್ಲ ಅಂತ. ನೋಡಿದ್ದೆ. ಈ ಕಾಯಿಲೆ ಅಂಟಿದ ಮೇಲೆ ಹೊರಗೆ ಕಾಣಿಸಲು 10ರಿಂದ 21 ದಿನ ಬೇಕು ಅನ್ನುವುದು ನನಗೆ ಗೊತ್ತಿರುವ ವಿಷಯವೇ. ಟಿಕೆಟ್ ಬುಕ್ ಆಗಿತ್ತು, ಸುಮ್ನಾದೆ. ಲಸಿಕೆ? ಮಗು ಇದ್ದಾಗ ಒಂದು ಡೋಸ್ ಹಾಕಿಸಿದ್ದೆ. ಇದು ಸರ್ಕಾರಿ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು, ಎರಡು ಡೋಸ್ ಆಗಬೇಕು. ಎರಡನೆಯದು ಇವತ್ತು ನಾಳೆ ಅಂತ ಉಳಿದೇ ಹೋಯಿತು. ಅದೇ ಲಸಿಕೆ ನನ್ನ ಅಂಗಡಿಯ ಫ್ರಿಜ್ಜಿನಲ್ಲಿ ಇರುತ್ತದೆ! ಬ್ಯಾಗಿನಲ್ಲಿ ಪ್ಯಾರಾಸಿಟಮಾಲ್, ಓಆರ್‌ಎಸ್, ವಾಂತಿ ಮಾತ್ರೆ, ಗಾಯದ ಪಟ್ಟಿ ಎಲ್ಲ ಇತ್ತು. ಕ್ಯಾಲಮೈನ್ ಲೋಷನ್ ಇರಲಿಲ್ಲ.

ಮೊದಲ ಫೋನು ಪ್ಯಾಕೇಜ್ ಮಾಡಿಕೊಟ್ಟಿದ್ದ ಬೆಂಗಳೂರಿನ ಏಜೆಂಟ್‌ಗೆ. ಅವನ ಹೆಸರೂ ಬೇಡ. "ಸಾರ್, ಯಾರಿಗೂ ಹೇಳ್ಬೇಡಿ. ಫುಲ್ ಸ್ಲೀವ್ ಹಾಕಿ, ಮಾಸ್ಕ್ ಹಾಕಿ ಕರ್ಕೊಂಡು ಬಂದ್ಬಿಡಿ. ಹೇಳಿದ್ರೆ ವಿಮಾನಕ್ಕೆ ಹತ್ತಿಸಲ್ಲ, ಹೋಟ್ಲಲ್ಲೂ ಇಟ್ಕೊಳ್ಳಲ್ಲ" ಅಂದ. ಸುಳ್ಳು ಹೇಳಬಾರದು, ಒಂದು ನಿಮಿಷ ನನಗೂ ಅದೇ ಸರಿ ಅನ್ನಿಸಿತು. ಮಧ್ಯಾಹ್ನದ ದೋಣಿಗೆ ಟಿಕೆಟ್ ಇತ್ತು. ಮುಖದ ಮೇಲೆ ಎರಡೇ ಗುಳ್ಳೆ.

ಅಷ್ಟರಲ್ಲಿ ಮನೆಯ ಅಜ್ಜಿ ಚಹಾ ತಂದರು. ಮಗಳನ್ನು ನೋಡಿದರು. ಲೋಟ ಕೆಳಗಿಟ್ಟರು. "ಮಾಯೇರ್ ದಯಾ" ಅಂದರು.

ನೀಲ್‌ನಲ್ಲಿ ಇರುವವರು ಬಹುಪಾಲು ಬಂಗಾಳಿಗಳು. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದವರನ್ನು ಸರ್ಕಾರ ಇಲ್ಲಿ ತಂದು ನೆಲೆ ನಿಲ್ಲಿಸಿತು. ಕಾಡು ಕಡಿದು ತರಕಾರಿ ಬೆಳೆದರು. ಪೋರ್ಟ್ ಬ್ಲೇರ್‌ನವರು ಈಗಲೂ ನೀಲ್ ಅಂದರೆ ತರಕಾರಿ ಅನ್ನುತ್ತಾರೆ. ಅಜ್ಜಿ ಹೇಳಿದ್ದು ಅರ್ಥವಾಗದೆ ಅವರ ಮಗನ ಮುಖ ನೋಡಿದೆ. ನಾವು ಅವರನ್ನು ದಾದಾ ಅಂತಿದ್ದೆವು. ಅವರು ಹಿಂದಿಯಲ್ಲಿ ಬಿಡಿಸಿ ಹೇಳಿದರು: ತಾಯಿಯ ದಯೆ. ಶೀತಲಾ ಮಾ ಬಂದಿದ್ದಾಳೆ. ನನ್ನ ಹೆಂಡತಿಗೆ ಶೀತಲಾ ಅಂದಿದ್ದೇ ತಡ, "ಸೀತಾಳೆ, ಸೀತಾಳೆ, ಹೌದು ಅಜ್ಜಿ, ಅಮ್ಮ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಒಬ್ಬರಿಗೆ ಕನ್ನಡ ಬರಲ್ಲ, ಇನ್ನೊಬ್ಬರಿಗೆ ಬಂಗಾಳಿ ಬರಲ್ಲ. ಆಮೇಲೆ ಒಂದು ವಾರ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು.

ಇಷ್ಟಾದ ಮೇಲೆ ಮುಚ್ಚಿಡುವ ಮಾತೇ ಇರಲಿಲ್ಲ. ದಾದಾನೇ ತನ್ನ ಗಾಡಿಯಲ್ಲಿ ದ್ವೀಪದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಣ್ಣ ಆಸ್ಪತ್ರೆ. ದೊಡ್ಡ ಕಾಯಿಲೆಯಾದರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಹೋಗಬೇಕು, ಅಂದರೆ ಸರ್ಕಾರಿ ದೋಣಿಯಲ್ಲಿ ಎರಡು ಗಂಟೆ ಸಮುದ್ರ. ಗಾಳಿ ಜೋರಿದ್ದರೆ ದೋಣಿಯೇ ಇಲ್ಲ. ಡಾಕ್ಟರು ಚಿಕ್ಕ ವಯಸ್ಸಿನವರು. ನೋಡಿದ ತಕ್ಷಣ ಹೇಳಿದರು, ಒಂದು ಡೋಸ್ ಹಾಕಿಸಿದ್ದರಿಂದ ಸಣ್ಣದರಲ್ಲೇ ಹೋಗುತ್ತದೆ, ಗುಳ್ಳೆ ಐವತ್ತು ದಾಟಲ್ಲ ಅಂತ. ಮಾತ್ರೆ ಜಾಸ್ತಿ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಬ್ರೂಫೆನ್, ಆಸ್ಪಿರಿನ್ ಮುಟ್ಟಬೇಡಿ. ಕ್ಯಾಲಮೈನ್ ಅವರೇ ಕೊಟ್ಟರು, ಒಂದು ಪೈಸೆ ಇಲ್ಲ. ಕೊನೆಯ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೂ ದೋಣಿ ಬೇಡ, ವಿಮಾನ ಬೇಡ.

ಆಮೇಲೆ ನನ್ನನ್ನು ಕೇಳಲೇ ಇಲ್ಲ, ದಾದಾನನ್ನು ಕೇಳಿದರು. ನಿಮ್ಮ ಸೊಸೆಗೆ ಎಷ್ಟು ತಿಂಗಳು?

ಐದು. ನನಗೆ ನೆಲ ಕುಸಿದಂತಾಯಿತು. ಹಿಂದಿನ ರಾತ್ರಿ ಆ ಹುಡುಗಿ ನನ್ನ ಮಗಳ ಪಕ್ಕ ಕೂತು ಚಿಪ್ಪಿನ ಸರ ಪೋಣಿಸುತ್ತಿದ್ದಳು. ಬಸುರಿಯರಿಗೆ ಈ ಕಾಯಿಲೆ ಎಷ್ಟು ಕೆಟ್ಟದ್ದು ಅಂತ ನಾನು ದಿನಾ ಗಿರಾಕಿಗಳಿಗೆ ಹೇಳುವವನು. ಅವಳಿಗೆ ಚಿಕ್ಕಂದಿನಲ್ಲಿ ಆಗಿತ್ತಾ ಅಂತ ಫೋನು ಮಾಡಿ ಅವಳ ತವರಿಗೆ ಕೇಳಿದರು. ಆ ಹತ್ತು ನಿಮಿಷ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದು ನನಗೆ ಇನ್ನೂ ಮರೆತಿಲ್ಲ. ಆಗಿತ್ತಂತೆ, ಆರು ವರ್ಷದವಳಿದ್ದಾಗ, ಹಣೆಯ ಮೇಲೆ ಕಲೆ ಈಗಲೂ ಇದೆ. ಹಾಗಿದ್ದರೂ ಸಂಜೆಯೊಳಗೆ ಅವಳನ್ನು ಸೀತಾಪುರದ ತವರಿಗೆ ಕಳಿಸಿದರು. ನಮ್ಮಿಂದಾಗಿ ಅವರ ಮನೆ ಮಗಳು ಮನೆ ಬಿಟ್ಟಳು. ದಾದಾ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಈಗ ಕೋಣೆಯ ವಿಷಯ, ರಿವ್ಯೂ ಅಲ್ವಾ. ನಮ್ಮನ್ನು ಹಿಂದಿನ ಕೋಣೆಗೆ ಬದಲಾಯಿಸಿದರು. ಅದಕ್ಕೆ ಬೇರೆ ಬಾಗಿಲು, ಬೇರೆ ಬಚ್ಚಲು, ತೋಟದ ಕಡೆ ಎರಡು ದೊಡ್ಡ ಕಿಟಕಿ. ಮುಂದಿನ ಕೋಣೆಗಿಂತ ಇದೇ ಚೆನ್ನಾಗಿದೆ, ಗಾಳಿ ಚೆನ್ನಾಗಿ ಬರುತ್ತದೆ. ನೀವು ಹೋದರೆ ಕೇಳಿ ಇದನ್ನೇ ತೊಗೊಳ್ಳಿ ಅನ್ನುತ್ತಿದ್ದೆ, ಹೆಸರು ಹೇಳಿದ್ದಿದ್ದರೆ. ದಿನಕ್ಕೆ 1,600 ರೂಪಾಯಿ ಮಾತಾಗಿತ್ತು. ಮೂರನೇ ದಿನದಿಂದ 800 ಅಂದರು. ನಾನು ಒಪ್ಪಲಿಲ್ಲ, ಅವರೂ ಬಿಡಲಿಲ್ಲ. ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನಲ್ಲೂ ನಾನು ಇಷ್ಟು ಚೌಕಾಸಿ ನೋಡಿಲ್ಲ, ಅದೂ ಉಲ್ಟಾ ಚೌಕಾಸಿ.

ಊಟ. ನಾವು ಮೀನು ತಿನ್ನುವವರಲ್ಲ. ಮೊದಲೆರಡು ದಿನ ಆ ಮನೆಯ ವಾಸನೆಗೆ ಹೆಂಡತಿ ಮೂಗಿಗೆ ಸೆರಗು ಹಿಡಿದಿದ್ದಳು. 20ರ ಮಧ್ಯಾಹ್ನದಿಂದ ಮೀನಿನ ವಾಸನೆ ನಿಂತಿತು. ಯಾಕೆ ಅಂತ ಎರಡು ದಿನ ಆದ ಮೇಲೆ ತಿಳಿಯಿತು. ಮನೆಗೆ ತಾಯಿ ಬಂದಿರುವಾಗ ಮೀನು ಹುರಿಯಬಾರದು ಅಂತ ಅಜ್ಜಿ ಅಡುಗೆಮನೆಗೆ ಕಟ್ಟುನಿಟ್ಟು ಮಾಡಿದ್ದರು. ಬಂಗಾಳಿಗಳ ಮನೆಯಲ್ಲಿ ಒಂದು ವಾರ ಮೀನಿಲ್ಲ! ನಮ್ಮ ಕಡೆ ಅಮ್ಮ ಬಂದಾಗ ಒಗ್ಗರಣೆ ಹಾಕಲ್ಲ, ಎಣ್ಣೆ ಬಾಣಲೆ ಇಡಲ್ಲ, ಅದೇ ಲೆಕ್ಕ. ಬೆಳಗ್ಗೆ ಗಂಜಿ, ಮಧ್ಯಾಹ್ನ ಅನ್ನ, ತೆಳ್ಳಗಿನ ಬೇಳೆ, ಪರಂಗಿಕಾಯಿ ಪಲ್ಯ. ಹೆಂಡತಿ ಮೊಸರನ್ನ ಕಲಸಿದರೆ ಅಜ್ಜಿಯೂ ಒಂದು ತುತ್ತು ಇಸಿದುಕೊಂಡು ತಿನ್ನುತ್ತಿದ್ದರು. ಬೇವಿನ ಸೊಪ್ಪು ಎಲ್ಲಿಂದಲೋ ತರಿಸಿ ಹಾಸಿಗೆಯ ತಲೆದೆಸೆಗೆ ಇಟ್ಟರು. ಔಷಧಿ ಮಾರುವವನಾಗಿ ಹೇಳುತ್ತೇನೆ, ಬೇವಿನಿಂದ ವೈರಸ್ ಸಾಯುತ್ತದೆ ಅಂತ ನಾನು ನಂಬಲ್ಲ. ಆದರೆ ಮಗಳು ಕೆರೆದುಕೊಳ್ಳುವ ಬದಲು ಆ ಸೊಪ್ಪಿನಿಂದ ಸವರಿಕೊಳ್ಳುತ್ತಿದ್ದಳು, ಅದರಿಂದ ಒಂದು ಗುಳ್ಳೆಯೂ ಕೀವಾಗಲಿಲ್ಲ.

ಪಕ್ಕದ ಕೋಣೆಯಲ್ಲಿದ್ದ ಪುಣೆಯ ಗಂಡ ಹೆಂಡತಿ ಅವತ್ತೇ ಖಾಲಿ ಮಾಡಿದರು. ಅವರದ್ದು ತಪ್ಪಲ್ಲ, ದಾದಾನೇ ಹೋಗಿ ಹೇಳಿದ್ದರು, ದುಡ್ಡೂ ವಾಪಸ್ ಕೊಟ್ಟರು. 22ಕ್ಕೆ ಆರು ಜನದ ಒಂದು ಗುಂಪು ಬರುವುದಿತ್ತು. ಅವರಿಗೆ ಫೋನು ಮಾಡಿ ಹೇಳಿದರು, ಅವರೂ ಬರಲಿಲ್ಲ. ಜೆಟ್ಟಿಯ ಹತ್ತಿರದ ಚಹಾ ಅಂಗಡಿಯಲ್ಲಿ ಮೂರನೇ ದಿನಕ್ಕೆ "ಪಾಕ್ಸ್ ಮನೆ" ಅಂತ ಮಾತು ಶುರುವಾಗಿತ್ತು. ದ್ವೀಪದಲ್ಲಿರುವುದೇ ಮೂರು ಸಾವಿರದಷ್ಟು ಜನ. ಗುಳ್ಳೆಗಿಂತ ಮಾತು ಬೇಗ ಹರಡುತ್ತದೆ. ಇಂಥ ಕಡೆ ಸೀಸನ್ ಅಂದರೆ ಮಳೆ ನಿಂತ ಮೇಲಿನ ಐದಾರು ತಿಂಗಳು, ಅದರ ದುಡಿಮೆಯಲ್ಲೇ ವರ್ಷ ಕಳೆಯಬೇಕು. 2020ರಲ್ಲಿ ಟೂರಿಸ್ಟ್ ದೋಣಿ ನಿಂತಾಗ ಮತ್ತೆ ಬದನೆ, ಸೌತೆ ಬೆಳೆದೆವು ಅಂದರು ದಾದಾ. ಹೊಲ ಇದ್ದವರು ಬದುಕಿದರು, ಸಾಲ ಮಾಡಿ ಬರೀ ಕೋಣೆ ಕಟ್ಟಿಸಿದವರ ಕಥೆ ಬೇರೆ. ಹೆಸರು ಯಾಕೆ ಬರೆಯುತ್ತಿಲ್ಲ ಅಂತ ಈಗ ಗೊತ್ತಾಯಿತಲ್ಲ.

ನನಗೆ 2006 ನೆನಪಿದೆ. ಆಗ ನಾನು ಇನ್ನೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಚಿಕೂನ್‌ಗುನ್ಯಾ ಬಂದು ನಮ್ಮ ಕಡೆ ಊರಿಗೆ ಊರೇ ಗೋಡೆ ಹಿಡಿದು ನಡೆಯುತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ಅದೇ ಬಗೆಯ ವೈರಸ್ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎದ್ದಿತ್ತು. ಎಂಟು ಲಕ್ಷವೂ ಇಲ್ಲದ ಜನ, ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಮಲಗಿದರು. ಟೂರಿಸ್ಟರು ಆ ಕಡೆ ಹೋಗುವುದೇ ಕಮ್ಮಿಯಾಯಿತು. ಕಾಯಿಲೆ ಇಳಿದ ಮೇಲೂ ಕೆಟ್ಟ ಹೆಸರು ಇಳಿಯುವುದಕ್ಕೆ ಟೈಮ್ ಬೇಕು.

ಆದರೆ ಆ ಅಷ್ಟೂ ರಾತ್ರಿ ನನಗೆ ನಿದ್ದೆ ಕೆಡಿಸಿದ್ದು ಬೇರೆಯೇ ಒಂದು ವಿಷಯ. ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಈ ಕಾಯಿಲೆ ಬೇರೆಯವರಿಗೆ ಅಂಟುತ್ತದೆ, ಗಾಳಿಯಲ್ಲೂ. 19ರಿಂದ ಹಿಂದಕ್ಕೆ ಬೆರಳು ಮಡಿಸಿದೆ. 18, ಎಸಿ ಹಾಕಿ ಮುಚ್ಚಿದ ದೋಣಿ. 17, ಬಾರಾಟಾಂಗ್.

ಬಾರಾಟಾಂಗ್‌ಗೆ ಹೋಗುವ ರಸ್ತೆ ಜಾರವಾ ಅನ್ನುವ ಆದಿವಾಸಿಗಳ ಕಾಡಿನ ಮಧ್ಯೆ ಹಾದು ಹೋಗುತ್ತದೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಎಲ್ಲ ಗಾಡಿ ಸಾಲಾಗಿ ನಿಲ್ಲಿಸಿ, ಕಾನ್ವಾಯ್ ಮಾಡಿ ಒಟ್ಟಿಗೇ ಬಿಡುತ್ತಾರೆ. ನಿಲ್ಲಿಸಬಾರದು, ಗಾಜು ಇಳಿಸಬಾರದು, ಫೋಟೋ ತೆಗೆಯಬಾರದು, ಏನೂ ಕೊಡಬಾರದು. ಅವರನ್ನು ಕಾಪಾಡುವ ಕಾನೂನು 1956ರಿಂದಲೇ ಇದೆ. ಒಂದು ತಿರುವಿನಲ್ಲಿ ಇಬ್ಬರು ಹುಡುಗರು ನಿಂತಿದ್ದರು, ನನ್ನ ಮಗಳ ವಯಸ್ಸಿನವರೇ. ಎರಡು ಸೆಕೆಂಡು. ಡ್ರೈವರ್ ಸ್ಪೀಡ್ ಕಮ್ಮಿ ಮಾಡಲಿಲ್ಲ. ಅವಾಗ ನನಗೆ ಅನ್ನಿಸಿದ್ದೇನು ಗೊತ್ತಾ? ಅಯ್ಯೋ ಸರಿಯಾಗಿ ನೋಡೋಕಾಗಲಿಲ್ಲವಲ್ಲ ಅಂತ.

ಹಿಂದಿನ ದಿನ ಮ್ಯೂಸಿಯಂನಲ್ಲಿ ಹಳೇ ಫೋಟೋಗಳ ಮುಂದೆ ಆಕಳಿಸುತ್ತಾ ನಡೆದಿದ್ದೆ. ನೀಲ್‌ನಲ್ಲಿ ಮಾಡುವುದಕ್ಕೇನೂ ಇರಲಿಲ್ಲ, ನೆಟ್‌ವರ್ಕ್ ಬಂದಾಗೆಲ್ಲ ಅದನ್ನೇ ಹುಡುಕಿ ಓದಿದೆ. ಬ್ರಿಟಿಷರು 1789ರಲ್ಲಿ ಇಲ್ಲಿ ಮೊದಲ ವಸಾಹತು ಹಾಕಿದರು, ಜ್ವರ, ಸಾವು ತಡೆಯಲಾರದೆ 1796ರಲ್ಲಿ ಕಟ್ಟಿಕೊಂಡು ಹೊರಟರು. ಆವತ್ತು ದ್ವೀಪ ಬಂದವರನ್ನು ಓಡಿಸಿತ್ತು. 1858ರಲ್ಲಿ ಕೈದಿಗಳ ಜೊತೆ ಮತ್ತೆ ಬಂದಾಗ ಲೆಕ್ಕ ತಿರುಗಿತು. ಗ್ರೇಟ್ ಅಂಡಮಾನೀಸ್ ಅನ್ನುವ ಜನ ಆಗ ಸಾವಿರಾರು ಇದ್ದರು. 1877ರಲ್ಲಿ ದಡಾರ ಹೊಕ್ಕಿತು. ಸಿಫಿಲಿಸ್ ಬಂತು, ಇನ್ಫ್ಲುಯೆಂಜಾ ಬಂತು. ಈಗ ಐವತ್ತರ ಆಸುಪಾಸು ಉಳಿದಿದ್ದಾರೆ. ಅಷ್ಟು ಸಣ್ಣ ಗುಂಪಿನಲ್ಲೂ 2020ರ ಆಗಸ್ಟಿನಲ್ಲಿ ಹತ್ತು ಜನಕ್ಕೆ ಕೊರೋನಾ ಬಂದಿತ್ತು. ಎಲ್ಲರೂ ಗುಣವಾದರು, ಪುಣ್ಯ. ಉತ್ತರ ಸೆಂಟಿನೆಲ್ ದ್ವೀಪದಿಂದ 1880ರಲ್ಲಿ ಪೋರ್ಟ್‌ಮನ್ ಅನ್ನುವ ಅಧಿಕಾರಿ ಒಬ್ಬ ಮುದುಕ, ಒಬ್ಬ ಮುದುಕಿ, ನಾಲ್ಕು ಮಕ್ಕಳನ್ನು ಪೋರ್ಟ್ ಬ್ಲೇರ್‌ಗೆ ಹಿಡಿದು ತಂದ. ಎಲ್ಲರಿಗೂ ಕಾಯಿಲೆಯಾಯಿತು, ಮುದುಕರಿಬ್ಬರೂ ಸತ್ತರು. ಮಕ್ಕಳ ಕೈಗೆ ಉಡುಗೊರೆ ಕೊಟ್ಟು ವಾಪಸ್ ಬಿಟ್ಟ. ಆ ಮಕ್ಕಳು ಉಡುಗೊರೆಯ ಜೊತೆ ಇನ್ನೇನು ತೆಗೆದುಕೊಂಡು ಹೋದರೋ. ಸೆಂಟಿನೆಲ್ ಜನ ಹತ್ತಿರ ಹೋದವರ ಮೇಲೆ ಬಾಣ ಬಿಡುತ್ತಾರೆ ಅಂತ ನಾವು ತಮಾಷೆ ಮಾಡುತ್ತೇವೆ.

24ಕ್ಕೆ ಡಾಕ್ಟರ ಹತ್ತಿರ ಇದನ್ನೆಲ್ಲ ಹೇಳಿದೆ. ಗಾಜು ಮುಚ್ಚಿದ, ಓಡುತ್ತಿದ್ದ ಗಾಡಿಯಿಂದ ಅಂಟುವುದಿಲ್ಲ, ಸಮಾಧಾನ ಮಾಡಿಕೊಳ್ಳಿ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಜು ಮುಚ್ಚಿತ್ತು ತಾನೇ?" ಅಂತ ಕೇಳಿದರು. ಮುಚ್ಚಿತ್ತು.

26ಕ್ಕೆ ಆಸ್ಪತ್ರೆಯಲ್ಲಿ ಬಾವುಟ ಹಾರಿಸಿ, ಸಿಹಿ ಹಂಚಿ, ಆಮೇಲೆ ಮಗಳ ಬೆನ್ನು ನೋಡಿದರು. ಎಲ್ಲ ಒಣಗಿತ್ತು. ವಿಮಾನಕ್ಕೆ ಪತ್ರ ಬರೆದುಕೊಟ್ಟರು. 27ಕ್ಕೆ ಸರ್ಕಾರಿ ದೋಣಿಯಲ್ಲಿ ಹೊರಟೆವು, ಮೇಲಿನ ಬಯಲು ಡೆಕ್ಕಿನಲ್ಲಿ ಕೂತು. ಹಳೇ ವಿಮಾನದ ಟಿಕೆಟ್ ಹೋಗಿತ್ತು, ಹೊಸದಕ್ಕೆ ಮೂವರಿಗೆ 27,000 ಆಯಿತು. ಏಜೆಂಟ್ ಒಂದು ರೂಪಾಯಿ ವಾಪಸ್ ಕೊಟ್ಟಿಲ್ಲ. ನಮ್ಮ ಪ್ಯಾಕೇಜಿನಲ್ಲಿದ್ದ ಇನ್ಶೂರೆನ್ಸಿನಲ್ಲಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ದುಡ್ಡು, ಕೋಣೆಯಲ್ಲಿ ಮಲಗಿದ್ದಕ್ಕೆ ಇಲ್ಲ. ದ್ವೀಪಕ್ಕೆ ಹೋಗುವವರು ಆ ಸಾಲನ್ನು ಮೊದಲೇ ಓದಿ. ಎಟಿಎಂ ನಂಬಿಕೊಂಡು ಹೋಗಬೇಡಿ, ಕೈಯಲ್ಲಿ ದುಡ್ಡಿರಲಿ. ಮನೆಯಲ್ಲಿ ಮಕ್ಕಳಿಗೆ ಮೈ ಬೆಚ್ಚಗಿದ್ದರೆ, ಕ್ಲಾಸಿನಲ್ಲಿ ಯಾರಿಗಾದರೂ ಅಮ್ಮ ಆಗಿದ್ದರೆ, ಟಿಕೆಟ್ ಮುಂದೆ ಹಾಕಿ. 27,000 ಕಳೆದುಕೊಂಡವನು ಹೇಳುತ್ತಿದ್ದೇನೆ.

ಊರಿಗೆ ಬಂದ ಮೇಲೆ ಅಂಗಡಿಯ ಕ್ಯಾಲೆಂಡರಿನಲ್ಲಿ 21 ದಿನಕ್ಕೆ ಗುರುತು ಹಾಕಿಕೊಂಡೆ. ಎರಡು ದಿನಕ್ಕೊಮ್ಮೆ ದಾದಾಗೆ ಫೋನು. ಸೊಸೆ ಚೆನ್ನಾಗಿದ್ದಾಳೆ, ವಾಪಸ್ ಬಂದಿದ್ದಾಳೆ. ಫೆಬ್ರವರಿ 4ಕ್ಕೆ ಅವರು ಒಂಚೂರು ತಡವರಿಸಿದರು. ಕೋಣೆ ಗುಡಿಸಲು ಬರುತ್ತಿದ್ದ ಹುಡುಗನಿಗೆ ಆಗಿದೆಯಂತೆ. ಹದಿನೈದು ವರ್ಷ ಅವನಿಗೆ. ಜ್ವರ ಜೋರಿದೆ, ಡಾಕ್ಟರು ಮಾತ್ರೆ ಶುರು ಮಾಡಿದ್ದಾರೆ, ಭಯವಿಲ್ಲ ಅಂದರು. ಭಯವಿಲ್ಲ ಅಂತ ನನಗೇ ಸಮಾಧಾನ ಹೇಳುತ್ತಿದ್ದಾರೆ! ಅವನಿಗೆ ಎರಡು ವಾರದ ಕೂಲಿ ಕಳಿಸಿದೆ. ಈಗ ಓಡಾಡುತ್ತಿದ್ದಾನೆ.

ಇನ್ನೊಂದು ವಿಷಯ. ಮ್ಯಾಪಿನಲ್ಲಿ ಆ ಮನೆಯ ಹೆಸರಿನಲ್ಲೇ ನನ್ನದೊಂದು ರಿವ್ಯೂ ಇದೆ. ಅಲ್ಲಿ ಐದು ಸ್ಟಾರ್. ಕೋಣೆ ಶುಚಿ, ಊಟ ಚೆನ್ನಾಗಿದೆ, ಮನೆಯವರು ಒಳ್ಳೆಯವರು, ಮೂರು ಸಾಲು. ಕಾಯಿಲೆಯ ಮಾತೇ ಇಲ್ಲ. ಬಿಸಿನೀರು ಇಲ್ಲ ಅಂತ ಒಂದು ಸಾಲು ಸೇರಿಸಿದ್ದೆ, ಪೂರಾ ಸುಳ್ಳು ಅನ್ನಿಸಬಾರದಲ್ಲ. ಮೊನ್ನೆ ದಾದಾ ಅದನ್ನು ಯಾರಿಂದಲೋ ಓದಿಸಿಕೊಂಡು ಫೋನು ಮಾಡಿದರು. ಎಲ್ಲ ಸರಿ ಇದೆ, ಗೀಸರ್ ಮಾತ್ರ ರಿಪೇರಿ ಆಗಿದೆ, ಆ ಸಾಲು ತೆಗೀತೀರಾ ಅಂತ.

ತೆಗೆದೆ.